ಕಣ್ಣು ಗಿಡದ ಮೇಲಿರಲಿ, ಕಾಗದದ ಮೇಲಲ್ಲ

(ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ, ಜೂನ್ ತಿಂಗಳ ಒಂದು ಭಾನುವಾರ, ಮಕ್ಕಳು, ಟೀಚರುಗಳು ಮತ್ತು ಊರವರ ಎದುರು ಆಡಿದ ಮಾತು. ಬರೆಯುವಾಗ ಜಾಸ್ತಿ ತಿದ್ದಿಲ್ಲ. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. "ಅಷ್ಟು ದುಡ್ಡು ಕೊಟ್ಟು ವಿಮಾನ ಹತ್ತಿ ಹೋಗಿ ಹುಲ್ಲು ನೋಡಿ ಬಂದದ್ದಾ ಅತ್ತಿಗೆ?" ಅಂತ ನನ್ನ ನಾದಿನಿ ಕೇಳಿದಳು. ಹೌದು ಮಾರಾಯ್ರೆ, ಹುಲ್ಲೇ ನೋಡಿದ್ದು. ಮತ್ತೆ ಪಾಚಿ, ಕಲ್ಲುಹೂವು, ಕುರಿ, ಮಳೆ. ಲಂಡನ್ನಿನ ಅರಮನೆ, ಗಡಿಯಾರದ ಗೋಪುರ ಯಾವುದನ್ನೂ ನೋಡಲಿಲ್ಲ. ಅದರ ಫೋಟೋ ಕೇಳಬೇಡಿ, ಇಲ್ಲ.

ಮಗಳು ಮ್ಯಾಂಚೆಸ್ಟರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ, ನಾನು ದಿನವಿಡೀ ಕಿಟಕಿಯ ಹೊರಗೆ ನೋಡುತ್ತಾ ಕೂತಿರುವುದನ್ನು ಕಂಡು, "ಅಮ್ಮಾ, ಹೊರಗೆ ನೋಡುವುದನ್ನೇ ಕಲಿಸುವವರು ಇದ್ದಾರೆ" ಅಂತ ಹೇಳಿ ಒಂದು ಶಿಬಿರಕ್ಕೆ ಸೇರಿಸಿದಳು. ನೇಚರ್ ಜರ್ನಲಿಂಗ್ ಅಂತ ಅದರ ಹೆಸರು. ದೊಡ್ಡ ಹೆಸರು ಕೇಳಿ ಹೆದರಬೇಡಿ. ಒಂದು ಪುಸ್ತಕ, ಒಂದು ಪೆನ್ಸಿಲ್ ಹಿಡಿದು ಹೊರಗೆ ಹೋಗುವುದು. ಎದುರಿಗೆ ಇರುವುದು ಎಲೆಯೋ, ಹಕ್ಕಿಯೋ, ಕಲ್ಲೋ, ಅದನ್ನು ನೋಡುತ್ತಾ ನೋಡುತ್ತಾ ಗೀಚುವುದು, ಪಕ್ಕದಲ್ಲಿ ಕಂಡದ್ದನ್ನು ಬರೆಯುವುದು. ಅಷ್ಟೇ.

ಶಿಬಿರ ನಡೆದದ್ದು ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ ಲೇಕ್ ಡಿಸ್ಟ್ರಿಕ್ಟಿನಲ್ಲಿ. ಕೆರೆ, ಬೆಟ್ಟ, ಕುರಿಗಳ ಊರು. 1951ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಆಯಿತು, 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಕೆಸ್ವಿಕ್ ಅನ್ನುವ ಪೇಟೆಯಿಂದ ಒಳಗೆ ಹೋದರೆ ಬಾರೋಡೇಲ್ ಕಣಿವೆ. ಅಲ್ಲೊಂದು ಹಳೆಯ ಕುರಿ ಸಾಕುವವರ ಮನೆ. ಮೇ ತಿಂಗಳು. ನಮಗೆ ಇಲ್ಲಿ ಬೆವರು ಸುರಿಯುವ ಹೊತ್ತಿಗೆ ಅಲ್ಲಿ ಬೆರಳು ಮರಗಟ್ಟುತ್ತಿತ್ತು.

ಆ ಕಣಿವೆಯ ತುದಿಯಲ್ಲಿ ಸೀಥ್‌ವೇಟ್ ಅಂತ ಒಂದು ಪುಟ್ಟ ಹಳ್ಳಿ. ಜನ ವಾಸ ಇರುವ ಜಾಗಗಳಲ್ಲಿ ಇಂಗ್ಲೆಂಡಿನಲ್ಲೇ ಜಾಸ್ತಿ ಮಳೆ ಬೀಳುವುದು ಅಲ್ಲಿ. ವರ್ಷಕ್ಕೆ ಎಷ್ಟು? ಸುಮಾರು 3,500 ಮಿಲಿಮೀಟರ್. ನಮ್ಮ ಕಾಸರಗೋಡಿನದ್ದೂ ಹೆಚ್ಚು ಕಡಿಮೆ ಅಷ್ಟೇ! ಆದರೆ ನಮ್ಮ ಮಳೆ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಸುತ್ತದೆ, ಅವರದ್ದು ವರ್ಷವಿಡೀ ಪಿರಿಪಿರಿ. ಹಾಗಾಗಿ ಅವರ ಓಕ್ ಮರಗಳ ಮೈಮೇಲೆ ಯಾವಾಗಲೂ ಪಾಚಿ, ಕೊಂಬೆ ಕೊಂಬೆಯಲ್ಲಿ ಜರಿಗಿಡ, ಕಲ್ಲುಹೂವು. ಮಳೆಕಾಡು ಅಂದ ಕೂಡಲೇ ನಮಗೆ ಆಗುಂಬೆ, ಸೈಲೆಂಟ್ ವ್ಯಾಲಿ ನೆನಪಾಗುತ್ತದೆ ಅಲ್ವಾ, ಚಳಿ ದೇಶದಲ್ಲೂ ಮಳೆಕಾಡು ಉಂಟು. ಬಾರೋಡೇಲಿನ ಆ ಕಾಡನ್ನು 2024ರಲ್ಲಿ ರಾಷ್ಟ್ರೀಯ ನಿಸರ್ಗಧಾಮ ಅಂತ ಘೋಷಿಸಿದರು.

ನಮ್ಮ ತಂಡದಲ್ಲಿ ಹೆಚ್ಚಿನವರು ನನ್ನ ಹಾಗೆ ಕೂದಲು ನರೆತವರು. ಒಬ್ಬರು ನರ್ಸ್ ಆಗಿದ್ದವರು, ಒಬ್ಬರು ಬಸ್ ಓಡಿಸುತ್ತಿದ್ದವರು. ಕಲಿಸುವಾಕೆ ಕುರಿ ಸಾಕುವ ಮನೆಯಲ್ಲೇ ಹುಟ್ಟಿ ಬೆಳೆದವರು. ಮೊದಲ ಬೆಳಿಗ್ಗೆ ಅವರು ಮಾಡಿದ ಕೆಲಸ ಏನು ಗೊತ್ತಾ? ಒಂದು ಡಬ್ಬಿ ಹಿಡಿದು ಬಂದು ಎಲ್ಲರ ರಬ್ಬರ್ ತೆಗೆದುಕೊಂಡರು. ಅಳಿಸುವ ಹಾಗಿಲ್ಲ. ಗೆರೆ ತಪ್ಪಾದರೆ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯಿರಿ, ಎರಡೂ ಇರಲಿ ಅಂದರು.

ಆಮೇಲೆ ಪ್ರತಿಯೊಬ್ಬರ ಕೈಗೂ ಒಂದು ಕಡ್ಡಿ ಕೊಟ್ಟರು. ಹೇಸಲ್ ಗಿಡದ ಚಿಗುರು ಕಡ್ಡಿ. "ಕಡ್ಡಿಯನ್ನೇ ನೋಡಿ ಬಿಡಿಸಿ, ಕಾಗದ ನೋಡಬೇಡಿ." ಕಣ್ಣು ಕಡ್ಡಿಯ ಅಂಚಿನಲ್ಲಿ ಎಷ್ಟು ನಿಧಾನ ಹೋಗುತ್ತದೋ, ಪೆನ್ಸಿಲ್ ಅಷ್ಟೇ ನಿಧಾನ ಹೋಗಬೇಕು. ಮುಗಿದ ಮೇಲೆ ಕಾಗದ ನೋಡಿದರೆ ನಗು ಬರುತ್ತದೆ, ಕಡ್ಡಿಯ ತಲೆ ಎಲ್ಲೋ, ಬುಡ ಎಲ್ಲೋ. ಆದರೆ ಒಂದು ಸಂಗತಿ ನಡೆದಿರುತ್ತದೆ. ಆ ಕಡ್ಡಿಯಲ್ಲಿ ಮೊಗ್ಗುಗಳು ಎದುರುಬದುರು ಇಲ್ಲ, ಒಂದು ಎಡಕ್ಕೆ ಒಂದು ಬಲಕ್ಕೆ ಅಂತ ಹೋಗುತ್ತವೆ, ಒಂದು ಮೊಗ್ಗಿನಿಂದ ಇನ್ನೊಂದಕ್ಕೆ ಕಡ್ಡಿ ಸ್ವಲ್ಪ ಸ್ವಲ್ಪ ವಾಲುತ್ತದೆ, ಎಲೆಯ ಮೈಮೇಲೆ ಸಣ್ಣ ರೋಮ ಉಂಟು, ಇದೆಲ್ಲ ನಿಮಗೆ ಗೊತ್ತಾಗಿರುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ.

ಇಲ್ಲಿ ನನ್ನ ಜೊತೆ ಕೆಲಸ ಮಾಡಿದ ಟೀಚರುಗಳು ಕೂತಿದ್ದಾರೆ. ಅವರನ್ನು ನೋಡಿಕೊಂಡೇ ಹೇಳುತ್ತೇನೆ. ನಮ್ಮ ಕಡೆಯ ಜೀವಶಾಸ್ತ್ರದ ರೆಕಾರ್ಡ್ ಪುಸ್ತಕ ಉಂಟಲ್ಲ, ಅದರಷ್ಟು ಚಂದದ ಚಿತ್ರಗಳು ಜಗತ್ತಿನಲ್ಲಿ ಎಲ್ಲೂ ಇಲ್ಲ. ಎಲ್ಲ ನೀಟು. ಭಾಗಗಳನ್ನು ಗುರುತಿಸಿದ ಗೆರೆಗಳೂ ಸ್ಕೇಲ್ ಇಟ್ಟು ಎಳೆದದ್ದು. ದಾಸವಾಳ ಹೂವಿನ ಉದ್ದಸೀಳಿಕೆಯನ್ನು ಈ ಸಭೆಯಲ್ಲಿ ಬಿಡಿಸದವರು ಯಾರೂ ಇರಲಿಕ್ಕಿಲ್ಲ. ಸರಿ, ಒಂದು ಪ್ರಶ್ನೆ. ದಾಸವಾಳದ ನಡುವಿನ ಉದ್ದ ಕಂಬದ ತುದಿಯಲ್ಲಿ ಕೆಂಪು ಗುಂಡುಗಳು ಎಷ್ಟು?

(ಸಭೆಯಲ್ಲಿ ಮೂರು, ನಾಲ್ಕು, ಆರು ಎಂಬ ಉತ್ತರಗಳು ಬಂದವು. ಏಳನೇ ತರಗತಿಯ ಒಬ್ಬ ಹುಡುಗ ಸದ್ದಿಲ್ಲದೆ ಎದ್ದುಹೋಗಿ ವಾಚನಾಲಯದ ಬೇಲಿಯಿಂದ ಒಂದು ಹೂ ಕೊಯ್ದು ತಂದ.)

ಐದು. ಇವನು ತಂದ ಹೂವಿನಲ್ಲಿ ಎಣಿಸಿ ನೋಡಿ. ಈ ಹುಡುಗ ಮಾಡಿದ್ದೇ ಶಿಬಿರದಲ್ಲಿ ಕಲಿಸಿದ್ದು, ಇವನು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಇನ್ನೂ ಒಂದು ನೋಡಿ. ಎಸಳುಗಳು ಒಂದರ ಮೇಲೊಂದು ಮಲಗಿವೆ. ಪ್ರತಿ ಎಸಳಿನ ಒಂದು ಅಂಚು ಮೇಲೆ, ಇನ್ನೊಂದು ಅಂಚು ಪಕ್ಕದ ಎಸಳಿನ ಅಡಿಗೆ. ಇದು ಎಡಕ್ಕೆ ತಿರುಗಿದ್ದಾ, ಬಲಕ್ಕಾ? ಒಂದೇ ಗಿಡದಲ್ಲಿ ಎರಡೂ ಬಗೆಯ ಹೂ ಸಿಗುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಮಾತ್ರ ಎಲ್ಲರ ಹೂವೂ ಒಂದೇ ಕಡೆಗೆ, ಯಾಕೆ ಅಂದರೆ ಎಲ್ಲರೂ ನೋಡಿ ಬಿಡಿಸಿದ್ದು ಹೂವನ್ನಲ್ಲ, ಪಠ್ಯಪುಸ್ತಕದ ಅದೇ ಚಿತ್ರವನ್ನು. ತೆಂಗಿನ ಮರವೂ ಹಾಗೆಯೇ. ಮಡಲುಗಳು ಎಡಕ್ಕೆ ಸುತ್ತುತ್ತಾ ಏರುವ ಮರಗಳಿವೆ, ಬಲಕ್ಕೆ ಏರುವ ಮರಗಳಿವೆ. ಹುಟ್ಟಿದಂದಿನಿಂದ ತೆಂಗಿನ ಬುಡದಲ್ಲೇ ಬದುಕುವವರು ನಾವು, ನಿಮ್ಮ ಮನೆ ಬಾವಿಕಟ್ಟೆ ಹತ್ತಿರದ ಮರ ಯಾವ ಕಡೆಯದ್ದು?

ನಾನು ಹೇಳಬೇಕೆಂದು ಬಂದದ್ದು ಇದೊಂದೇ. ನೋಡದೆ ಬಿಡಿಸಿದ ಚಂದದ ಚಿತ್ರಕ್ಕಿಂತ, ನೋಡಿ ಬಿಡಿಸಿದ ವಕ್ರ ಚಿತ್ರ ಎಷ್ಟೋ ಮೇಲು. ಉಳಿದದ್ದು ಇದಕ್ಕೆ ಬಾಲ.

ಶಿಬಿರದಲ್ಲಿ ಪುಟ ತುಂಬುವುದಕ್ಕೆ ಒಂದು ದಾರಿ ಹೇಳಿಕೊಟ್ಟರು. ಜಾನ್ ಮ್ಯೂರ್ ಲಾಸ್ ಅಂತ ಅಮೆರಿಕದ ಒಬ್ಬರು ಇದನ್ನು ತುಂಬ ಕಡೆ ಹಬ್ಬಿಸಿದ್ದಾರೆ. ಮೂರು ಮಾತು. ನನಗೆ ಕಂಡದ್ದು ಇದು. ನನಗೆ ಬಂದ ಸಂಶಯ ಇದು. ಇದನ್ನು ನೋಡಿ ನನಗೆ ನೆನಪಾದದ್ದು ಇದು. ಇವು ಮೂರನ್ನೂ ಚಿತ್ರದ ಪಕ್ಕದಲ್ಲಿ ಬರೆಯಬೇಕು. ಪುಟದ ಮೇಲೆ ತಾರೀಕು, ಹೊತ್ತು, ಜಾಗ, ಮೋಡ ಉಂಟಾ, ಗಾಳಿ ಉಂಟಾ. ತಾರೀಕು ಹಾಕದ ಪುಟವನ್ನು ಆ ಟೀಚರ್ ನೋಡುತ್ತಲೇ ಇರಲಿಲ್ಲ, ಎಷ್ಟು ಚಂದ ಇದ್ದರೂ.

ಒಂದು ಪುಟದ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆ ಊರಿನಲ್ಲಿ ಗುಡ್ಡದ ಮೇಲೆಲ್ಲ ಕಲ್ಲಿನ ಪಾಗಾರ. ಸುಣ್ಣ ಇಲ್ಲ, ಸಿಮೆಂಟ್ ಇಲ್ಲ, ಸುಮ್ನೆ ಕಲ್ಲಿನ ಮೇಲೆ ಕಲ್ಲು ಜೋಡಿಸಿದ್ದು. "ಒಂದು ಅಡಿ ಉದ್ದ, ಒಂದು ಅಡಿ ಅಗಲದ ಜಾಗ ಆರಿಸಿ, ಮಧ್ಯಾಹ್ನದವರೆಗೆ ಅಲ್ಲಿಂದ ಏಳಬೇಡಿ" ಅಂತ ಕೂರಿಸಿದರು. ಪಾಗಾರದ ಬುಡದಲ್ಲಿ ಕೂತೆ. ಮೊದಲು ಕಂಡದ್ದು ಬೂದು ಕಲ್ಲು, ಹಸಿರು ಪಾಚಿ, ಮುಗಿಯಿತು. ಹತ್ತು ನಿಮಿಷ ಕಳೆಯುವಾಗ ಬೂದು ಅಂದುಕೊಂಡದ್ದರಲ್ಲಿ ಬೇರೆ ಬೇರೆ ಕಲ್ಲುಹೂವು ಕಾಣತೊಡಗಿತು. ಒಂದು ಕಲ್ಲಿಗೆ ಅಂಟಿದ ಬಿಳಿ ಬಣ್ಣದ ಹಾಗೆ, ಒಂದರ ಅಂಚಿಗೆ ಕಪ್ಪು ಗೆರೆ, ಇನ್ನೊಂದಕ್ಕೆ ಸಣ್ಣ ಸಣ್ಣ ಬಟ್ಟಲು. ಎರಡು ಕಲ್ಲಿನ ಸಂದಿನಲ್ಲಿ ಮೂರು ಮೂರು ಎಲೆಯ ಒಂದು ಗಿಡ. ಎಲೆ ಒಂದೊಂದೂ ಹೃದಯದ ಆಕಾರ, ಹೂ ಬಿಳಿ, ಎಸಳಿನಲ್ಲಿ ನೇರಳೆ ಬಣ್ಣದ ನರಗಳು.

ಇದನ್ನು ಎಲ್ಲೋ ನೋಡಿದ್ದೇನಲ್ಲ ಅಂತ ಅನಿಸಿತು. ನಮ್ಮ ಅಂಗಳದ ಮೂಲೆಯಲ್ಲಿ, ಹೂಕುಂಡದ ಬುಡದಲ್ಲಿ, ಹಳದಿ ಹೂ ಬಿಡುವ ಹುಳಿ ಸೊಪ್ಪು ಉಂಟಲ್ಲ, ಮಕ್ಕಳು ಕಿತ್ತು ತಿನ್ನುವುದು, ಅದರ ಕುಲದ್ದೇ ಇದು. ವುಡ್ ಸಾರೆಲ್ ಅನ್ನುತ್ತಾರೆ. ಬಾಯಿಗೆ ಹಾಕಿದರೆ ಅದೇ ಹುಳಿ. ಬಿಡಿಸಿದೆ. ಎಲೆಗಳು ಚಪ್ಪಟೆಯಾಗಿ ಹರಡಿಕೊಂಡಿದ್ದವು. ಅಷ್ಟರಲ್ಲಿ ಮಳೆ ಹನಿಯತೊಡಗಿತು, ಟೀಚರ್ ಫ್ಲಾಸ್ಕಿನ ಚಹಾ ಕೊಟ್ಟರು, ಕುಡಿದು ಬಂದು ನೋಡಿದರೆ ಎಲೆಗಳೆಲ್ಲ ನಡುಗೆರೆಯಲ್ಲಿ ಮಡಚಿ ಕೆಳಗೆ ಜೋತುಬಿದ್ದಿವೆ! ಪಕ್ಕದಲ್ಲೇ ಇನ್ನೊಂದು ಚಿತ್ರ ಬಿಡಿಸಿ ಎರಡಕ್ಕೂ ಹೊತ್ತು ಬರೆದೆ. ಸಂಶಯ ಬಂತು. ಇದು ಮಡಚಿದ್ದು ಹನಿ ಬಿದ್ದ ಪೆಟ್ಟಿಗಾ, ಮೋಡ ಮುಚ್ಚಿ ಬೆಳಕು ಕಡಿಮೆ ಆದದ್ದಕ್ಕಾ? ಟೀಚರನ್ನು ಕೇಳಿದೆ. ಅವರು ಉತ್ತರ ಹೇಳಲಿಲ್ಲ. "ಕಲ್ಲಿನ ಅಡಿಗೆ, ಹನಿ ಬೀಳದ ಜಾಗದಲ್ಲಿ ಇನ್ನೊಂದು ಗಿಡ ಉಂಟಾ ನೋಡಿ" ಅಂದರು. ಹುಡುಕಿದೆ, ಇತ್ತು. ಅದರ ಎಲೆ ಅರೆ ಮಡಚಿತ್ತು. ಈಗ ಏನಂತ ಹೇಳುವುದು? ಹನಿಗೂ ಮಡಚುತ್ತದೆ, ಬೆಳಕು ಕಡಿಮೆಯಾದರೂ ಮಡಚುತ್ತದೆ, ಬಿಸಿಲು ಜಾಸ್ತಿಯಾದರೂ ಮಡಚುತ್ತದೆ ಅಂತ ಸಂಜೆ ಪುಸ್ತಕದಲ್ಲಿ ಓದಿದೆ. ಓದಿದ್ದು ತಲೆಯಲ್ಲಿ ನಿಂತದ್ದು ಬೆಳಿಗ್ಗೆ ಕೂತು ನೋಡಿದ್ದರಿಂದ.

ಕುರಿಯನ್ನು ಬಿಡಿಸುವುದು ಬೇರೆಯೇ ಪಾಡು. ಅಲ್ಲಿನ ಹರ್ಡ್‌ವಿಕ್ ತಳಿಯ ಕುರಿಯ ಮರಿ ಹುಟ್ಟುವಾಗ ಕಪ್ಪು, ಬೆಳೆದ ಹಾಗೆ ಬಣ್ಣ ಬಿಟ್ಟು ಬೂದಿಯಾಗುತ್ತದೆ, ಮುಖ ಬೆಳ್ಳಗಾಗುತ್ತದೆ. ಬಿಡಿಸಲು ಶುರುಮಾಡಿದ ಕೂಡಲೇ ಅದು ತಿರುಗಿ ನಿಲ್ಲುತ್ತದೆ. ಉಪಾಯ ಏನೆಂದರೆ, ಒಂದೇ ಪುಟದಲ್ಲಿ ನಾಲ್ಕೈದು ಚಿತ್ರ ಅರ್ಧರ್ಧ ಶುರುಮಾಡುವುದು. ಮೇಯುವ ಕುರಿ ಒಂದು, ತಲೆ ಎತ್ತಿದ್ದು ಒಂದು, ಮಲಗಿದ್ದು ಒಂದು. ಕುರಿ ಭಂಗಿ ಬದಲಿಸಿದರೆ ನೀವೂ ಚಿತ್ರ ಬದಲಿಸಿ. ಅದು ಮತ್ತೆ ಹಳೆ ಭಂಗಿಗೆ ಬಂದೇ ಬರುತ್ತದೆ, ಆಗ ಹಳೆ ಚಿತ್ರ ಮುಂದುವರಿಸಿ. ಊರಿಗೆ ಬಂದು ಪಕ್ಕದ ಮನೆಯ ಕಾಸರಗೋಡು ಗಿಡ್ಡ ದನದ ಮೇಲೆ ಪ್ರಯೋಗ ಮಾಡಿದೆ. ಕುರಿಗಿಂತ ದನವೇ ಒಳ್ಳೆಯದು, ಮೆಲುಕು ಹಾಕುವಾಗ ತುಂಬ ಹೊತ್ತು ಅಲ್ಲಾಡುವುದಿಲ್ಲ.

ಈಗ ಪೆನ್ಸಿಲ್ ವಿಷಯ. ಮಕ್ಕಳು ಇದನ್ನು ಗಮನ ಕೊಟ್ಟು ಕೇಳಿ. ನಿಮ್ಮ ಕೈಯಲ್ಲಿರುವ ಪೆನ್ಸಿಲ್ಲಿನ ತವರುಮನೆ ಆ ಸೀಥ್‌ವೇಟ್ ಊರೇ. 16ನೇ ಶತಮಾನದಲ್ಲಿ ಅಲ್ಲಿನ ಗುಡ್ಡದಲ್ಲಿ ಗ್ರಾಫೈಟ್ ಸಿಕ್ಕಿತು. ಬೇರೆ ಕಡೆ ಪುಡಿಪುಡಿಯಾಗಿ ಸಿಗುವ ಗ್ರಾಫೈಟ್ ಅಲ್ಲಿ ಗಟ್ಟಿ ಗಟ್ಟಿಯಾಗಿ, ಗರಗಸದಲ್ಲಿ ಕೊಯ್ದು ಕಡ್ಡಿ ಮಾಡುವಷ್ಟು ಶುದ್ಧವಾಗಿ ಇತ್ತು. ಕುರಿ ಕಾಯುವವರು ತಮ್ಮ ತಮ್ಮ ಕುರಿಗೆ ಗುರುತು ಹಾಕಲು ಬಳಸುತ್ತಿದ್ದರಂತೆ. ಆಮೇಲೆ ಫಿರಂಗಿಯ ಗುಂಡು ಎರಕ ಹೊಯ್ಯುವ ಅಚ್ಚಿಗೆ ಅದು ಬೇಕಾಯಿತು ನೋಡಿ, ಬೆಲೆ ಏರಿತು, ಗಣಿಗೆ ಕಾವಲು ಬಂತು, ಕಳ್ಳಸಾಗಣೆ ಶುರುವಾಯಿತು. 1752ರಲ್ಲಿ ಅದನ್ನು ಕದಿಯುವುದರ ವಿರುದ್ಧ ಬ್ರಿಟಿಷ್ ಪಾರ್ಲಿಮೆಂಟ್ ಕಾನೂನೇ ಮಾಡಿತು. ಮುಂದೆ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ಆಗಿ ಫ್ರಾನ್ಸಿಗೆ ಈ ಗ್ರಾಫೈಟ್ ಸಿಗದೆ ಹೋದಾಗ, ಕಾಂಟೆ ಎಂಬವರು 1795ರಲ್ಲಿ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಕಡ್ಡಿ ಮಾಡುವ ದಾರಿ ಕಂಡುಹಿಡಿದರು. ಜೇಡಿ ಜಾಸ್ತಿ ಆದರೆ ಗಟ್ಟಿ, ಕಡಿಮೆ ಆದರೆ ಮೆದು. ನಿಮ್ಮ ಪೆನ್ಸಿಲ್ ಮೇಲೆ ಎಚ್‌ಬಿ, 2ಬಿ ಅಂತ ಬರೆದಿರುವುದರ ಹಿಂದೆ ಇರುವುದು ಈ ಲೆಕ್ಕವೇ. ಕೆಸ್ವಿಕ್ಕಿನಲ್ಲಿ 1832ರಿಂದ ಪೆನ್ಸಿಲ್ ಕಾರ್ಖಾನೆ ಇತ್ತು, ಈಗ ಪೆನ್ಸಿಲ್ಲಿನದ್ದೇ ಒಂದು ಮ್ಯೂಸಿಯಂ ಉಂಟು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಒಳಗೆ ನಕ್ಷೆ ಅಡಗಿಸಿದ ಪೆನ್ಸಿಲ್ ಮಾಡಿದ್ದೂ ಅಲ್ಲಿಯೇ.

ವರ್ಡ್ಸ್‌ವರ್ತನ ಡ್ಯಾಫೊಡಿಲ್ಸ್ ಪದ್ಯ ಹಳೆ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡಿದ್ದೀರಿ. ಹೂ ನೋಡದೆಯೇ ಅಂಕ ತೆಗೆದಿದ್ದೀರಿ. ಪದ್ಯದಲ್ಲಿ ಕವಿ ಒಂಟಿಯಾಗಿ ಅಲೆಯುತ್ತಾನೆ ಅಲ್ವಾ? ಅವನು ಒಂಟಿ ಇರಲಿಲ್ಲ. ತಂಗಿ ಡೊರೊಥಿ ಜೊತೆಗಿದ್ದಳು. 1802ರ ಏಪ್ರಿಲ್ 15ರಂದು ಅದೇ ಲೇಕ್ ಡಿಸ್ಟ್ರಿಕ್ಟಿನ ಅಲ್ಸ್‌ವಾಟರ್ ಕೆರೆಯ ದಡದಲ್ಲಿ ಕಂಡದ್ದನ್ನು ಅವಳು ದಿನಚರಿಯಲ್ಲಿ ಬರೆದಿಟ್ಟಳು. ಆ ದಿನ ಗಾಳಿ ಎಷ್ಟು ಜೋರಿತ್ತು, ಹೂಗಳು ಕಲ್ಲುಗಳ ನಡುವೆ ಹೇಗೆ ಬೆಳೆದಿದ್ದವು, ಕೆಲವು ಹೇಗೆ ಕಲ್ಲಿಗೆ ತಲೆ ಒರಗಿಸಿದ್ದವು ಎಲ್ಲ ಅದರಲ್ಲಿ ಉಂಟು. ಅಣ್ಣ ಪದ್ಯ ಬರೆದದ್ದು ಎರಡು ವರ್ಷ ಕಳೆದು, ಅಚ್ಚಾದದ್ದು 1807ರಲ್ಲಿ. ಪದ್ಯಕ್ಕಿಂತ ದಿನಚರಿಯೇ ನನಗೆ ಇಷ್ಟ. ಯಾರು ಏನು ಬೇಕಾದರೂ ಹೇಳಲಿ.

ಅದೇ ಸೀಮೆಯ ಇನ್ನೊಬ್ಬಾಕೆ ಬಿಯಾಟ್ರಿಕ್ಸ್ ಪಾಟರ್. ಮಕ್ಕಳಿಗೆ ಮೊಲದ ಕಥೆ ಬರೆದವಳು ಅಂತ ಗೊತ್ತು. ಅದಕ್ಕೆ ಮೊದಲು ಅವಳು ಅಣಬೆ ಬಿಡಿಸುತ್ತಿದ್ದಳು. ಬರೇ ಚಂದಕ್ಕಲ್ಲ, ಸೂಕ್ಷ್ಮದರ್ಶಕ ಇಟ್ಟು, ಅಣಬೆಯ ಬೀಜಕಗಳು ಹೇಗೆ ಮೊಳೆಯುತ್ತವೆ ಅಂತ. 1897ರಲ್ಲಿ ಲಂಡನ್ನಿನ ಲಿನೇಯನ್ ಸೊಸೈಟಿ ಎಂಬ ಜೀವವಿಜ್ಞಾನಿಗಳ ಸಂಘದಲ್ಲಿ ಅವಳ ಪ್ರಬಂಧ ಮಂಡನೆ ಆಯಿತು, ಆದರೆ ಹೆಂಗಸರಿಗೆ ಆ ಸಭೆಗೆ ಪ್ರವೇಶ ಇರಲಿಲ್ಲ, ಬೇರೊಬ್ಬ ಗಂಡಸು ಮಂಡಿಸಬೇಕಾಯಿತು. ಅವಳು ಅದನ್ನು ಬಿಟ್ಟು ಕಥೆ ಬರೆದಳು, ಆ ದುಡ್ಡಲ್ಲಿ ಜಮೀನು ಕೊಂಡಳು, ಹರ್ಡ್‌ವಿಕ್ ಕುರಿ ಸಾಕಿದಳು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗಿಂತ ಹೆಚ್ಚು ಜಾಗವನ್ನು, ಬೆಟ್ಟ, ಹಳೆ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಬಿಟ್ಟುಹೋದಳು. ಆ ಬೆಟ್ಟಗಳು ಇವತ್ತಿಗೂ ಹಾಗೆಯೇ ಇರುವುದರಲ್ಲಿ ಅವಳ ಪಾಲು ದೊಡ್ಡದು.

ಮತ್ತೆ ನಡೆಯುವ ದಾರಿ. ಅಲ್ಲಿ ಖಾಸಗಿ ಜಮೀನಿನ ನಡುವೆಯೂ ಸಾರ್ವಜನಿಕ ಕಾಲುದಾರಿಗಳಿವೆ, ಕಾನೂನಿನ ರಕ್ಷಣೆ ಉಂಟು. ಪಾಗಾರ ದಾಟಲು ನಮ್ಮ ತಡಮೆಯ ಹಾಗೆಯೇ ಮೆಟ್ಟಿಲು. ತಡಮೆ ಕಂಡು ನನಗಾದ ಖುಷಿ ನೋಡಿ ಉಳಿದವರಿಗೆ ಆಶ್ಚರ್ಯ. ನಮ್ಮಲ್ಲಿ ತಡಮೆಗಳೆಲ್ಲ ಹೋಗಿ ಗೇಟು ಬಂತು, ಗೇಟಿಗೆ ಬೀಗ ಬಂತು. ಇದರ ಬಗ್ಗೆ ಮಾತಾಡಿದರೆ ಜಗಳ ಆಗುತ್ತದೆ, ಬಿಡುತ್ತೇನೆ.

ಇಷ್ಟು ಹೇಳಿದ ಮೇಲೆ "ಅವರದ್ದೇ ದೊಡ್ಡದು" ಅಂತ ನಿಮಗೆ ಅನಿಸಬಹುದು. ಹಾಗೆ ಅಲ್ಲ. ಗಿಡವನ್ನು ಎದುರಿಗಿಟ್ಟು ಬಿಡಿಸುವ ದೊಡ್ಡ ಕೆಲಸ ನಮ್ಮ ಈ ಮಲಬಾರು ಕರಾವಳಿಯಲ್ಲಿ 1670ರ ದಶಕದಲ್ಲೇ ನಡೆದಿದೆ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಹೋರ್ಟಸ್ ಮಲಬಾರಿಕಸ್. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟ ಅಚ್ಚಾಯಿತು. ಏಳುನೂರಕ್ಕೂ ಹೆಚ್ಚು ಗಿಡಗಳ ಚಿತ್ರ ಅದರಲ್ಲಿದೆ. ಗಿಡ ಯಾವುದು, ಮದ್ದು ಯಾವುದಕ್ಕೆ ಅಂತ ಹೇಳಿಕೊಟ್ಟದ್ದು ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯರು, ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರು. ಅವರ ಕೊಂಕಣಿ ಬರಹವೇ ಮೊದಲ ಸಂಪುಟದಲ್ಲಿ ನಾಗರಿ ಅಕ್ಷರದಲ್ಲಿ ಅಚ್ಚಾಗಿದೆ. ಕಲೆ ನಮಗೆ ಹೊಸತಲ್ಲ. ಅಭ್ಯಾಸ ತಪ್ಪಿದ್ದು.

ಬಿಡಿಸುವುದಕ್ಕೆ ನಮ್ಮಲ್ಲಿ ಏನುಂಟು ಅಂತ ಕೇಳಬೇಡಿ. 2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಪ್ರಾಣಿಗಳನ್ನು ಘೋಷಿಸಿಕೊಂಡಿತು. ಮರ ಕಾಸರಕ. ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಪ್ರಾಣಿ ಚಂದ್ರಗಿರಿ ಹೊಳೆಯಲ್ಲಿರುವ ಮೆದು ಚಿಪ್ಪಿನ ದೈತ್ಯ ಆಮೆ. ಹೂ ಪೆರಿಯದ ನೀರಿನಲ್ಲಿ ಬೆಳೆಯುವ ಒಂದು ಬಿಳಿ ಹೂ, ಕ್ರೈನಮ್ ಮಲಬಾರಿಕಮ್. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದೇ 2012ರಲ್ಲಿ. ಯೋಚನೆ ಮಾಡಿ, ಅಷ್ಟು ದೊಡ್ಡ ಹೂ, ರಸ್ತೆಯಿಂದ ದೂರವೂ ಅಲ್ಲ, ಮೊನ್ನೆ ಮೊನ್ನೆವರೆಗೆ ಪುಸ್ತಕದಲ್ಲಿ ಇರಲಿಲ್ಲ.

ಇನ್ನು ನಮ್ಮ ಪದವು, ಅಂದರೆ ಗುಡ್ಡದ ಮೇಲಿನ ಕಲ್ಲಿನ ಬಯಲು. ಬೇಸಗೆಯಲ್ಲಿ ನೋಡಿದರೆ ಬರೇ ಮುರಕಲ್ಲು, ಒಣಹುಲ್ಲು, "ಏನೂ ಇಲ್ಲದ ಜಾಗ". ಆದ್ದರಿಂದಲೇ ಕೆಂಪುಕಲ್ಲಿನ ಪಣೆಗೆ ಅದೇ ಸಿಗುತ್ತದೆ. ಆಟಿ ತಿಂಗಳು ಕಳೆದು ಸೋಣ ಬರುವ ಹೊತ್ತಿಗೆ, ಅಂದರೆ ಆಗಸ್ಟ್ ನಡುವಿಗೆ ಹೋಗಿ. ಕಲ್ಲಿನ ಗುಳಿಯಲ್ಲಿ ನಿಂತ ನೀರಿನ ಅಂಚಿಗೆ ಬೆರಳುದ್ದದ ಗಿಡಗಳು, ನೀಲಿ ನೇರಳೆ ಹೂ. ಯುಟ್ರಿಕ್ಯುಲೇರಿಯ ಅಂತ. ಮಂಡಿ ಊರಿ ನೋಡಬೇಕು. ಮೇಲೆ ನೋಡಿದರೆ ಪಾಪದ ಹೂ, ಕೆಸರಿನ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿವೆ. ನೀರಿನ ಹುಳ ಮುಟ್ಟಿದ ಕೂಡಲೇ ಚೀಲದ ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ, ಸೆಕೆಂಡಿನ ಸಾವಿರದಲ್ಲಿ ಒಂದು ಪಾಲೂ ಬೇಡ. ಅದರ ಪಕ್ಕದಲ್ಲೇ ಅಂಟು ರೋಮದ ಡ್ರೊಸೆರಾ, ಅದೂ ಹುಳ ತಿನ್ನುವುದು. ಮುರಕಲ್ಲಿನ ಮೇಲೆ ಸಾರ ಇಲ್ಲ, ಮಣ್ಣಿಲ್ಲ, ಹಾಗಾಗಿ ಹುಳ ಹಿಡಿದು ಬದುಕುತ್ತವೆ. ಕೆಲವೇ ವಾರ. ನೀರು ಆರಿದರೆ ಗಿಡವೂ ಇಲ್ಲ. ಜನವರಿಯಲ್ಲಿ ಬಂದು ಅಳತೆ ಮಾಡುವವರಿಗೆ ಅಲ್ಲಿ ಏನೂ ಕಾಣುವುದಿಲ್ಲ. ಆಗ ಯಾರಾದರೂ ಒಬ್ಬರ ಹತ್ತಿರ ತಾರೀಕು ಹಾಕಿದ ಒಂದು ಪುಟ ಇರಬೇಕು. ಈ ಜಾಗದಲ್ಲಿ, ಈ ದಿನ, ಇದು ಇತ್ತು ಅಂತ.

ತಾರೀಕಿನ ಬೆಲೆ ಏನು ಅಂತ ತೋರಿಸಲು ಒಂದೇ ಉದಾಹರಣೆ. ಇಂಗ್ಲೆಂಡಿನ ನಾರ್ಫೋಕಿನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನ್ದಾರರು 1736ರಿಂದ ಪ್ರತಿ ವರ್ಷ ಬರೆದಿಟ್ಟರು, ಓಕ್ ಎಂದು ಚಿಗುರಿತು, ಕಪ್ಪೆ ಎಂದು ಕೂಗಿತು, ಬಾನಾಡಿ ಎಂದು ಬಂತು. ಅವರ ನಂತರ ಮನೆಯವರು 1958ರವರೆಗೆ ಮುಂದುವರಿಸಿದರು. ಹವಾಮಾನ ಬದಲಾದದ್ದಕ್ಕೆ ಮರಗಳು ಹೇಗೆ ನಡೆದುಕೊಂಡವು ಅಂತ ತಿಳಿಯಲು ವಿಜ್ಞಾನಿಗಳು ಈಗ ಆ ಬರಹ ತೆರೆದು ನೋಡುತ್ತಾರೆ. ನಮ್ಮಲ್ಲಿ ಪ್ರತಿ ವರ್ಷ ಬಿಸು, ಅಂದರೆ ಸೌರ ಯುಗಾದಿ ಬರುವಾಗ ಒಂದೇ ಮಾತು, "ಕೊಂದೆ ಹೂ ಈ ಸಲ ಮೊದಲೇ ಬಿಟ್ಟು ಮುಗಿಯಿತು, ಕಣಿಗೆ ಇಡಲು ಇಲ್ಲ." ಎಷ್ಟು ಮೊದಲು? ಯಾವ ವರ್ಷ? ಯಾರೂ ಬರೆದಿಲ್ಲ. ಮನೆಯ ಪಂಚಾಂಗದ ಅಂಚಿನಲ್ಲಿ ಒಂದು ಗೆರೆ ಹಾಕಿದ್ದರೆ ಸಾಕಿತ್ತು. ಕೇರಳದ ಶಾಲೆಗಳ ಮಕ್ಕಳು ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಒಂದೊಂದು ಮರವನ್ನು ವಾರ ವಾರ ನೋಡಿ ಚಿಗುರು, ಹೂ, ಕಾಯಿ ದಾಖಲೆ ಮಾಡುತ್ತಿದ್ದಾರೆ. ಕನ್ನಡ ಮಾಧ್ಯಮದ ಮಕ್ಕಳೂ ಸೇರಬಹುದು. ಮರ ಮೀಡಿಯಂ ಕೇಳುವುದಿಲ್ಲ.

ಈಗ ನಿಮ್ಮ ಪ್ರಶ್ನೆಗಳು.

ಹೈಸ್ಕೂಲಿನ ಒಬ್ಬ ಹುಡುಗಿ: "ಟೀಚರ್, ಫೋನಿನಲ್ಲಿ ಫೋಟೋ ತೆಗೆದರೆ ಸಾಲದಾ?"

ತೆಗಿ, ಬೇಡ ಅನ್ನುವುದಿಲ್ಲ. ಹಾರುವ ಹಕ್ಕಿಗೆ ಫೋಟೋವೇ ಸರಿ. ಆದರೆ ಫೋಟೋದಲ್ಲಿ ಎಲ್ಲವೂ ತಾನಾಗಿ ಬಂದುಬಿಡುತ್ತದೆ, ನೀನು ಏನನ್ನೂ ತೀರ್ಮಾನ ಮಾಡಬೇಕಾಗಿಲ್ಲ. ಬಿಡಿಸುವಾಗ ಎಸಳು ಎಷ್ಟು, ಎಲೆಯ ಅಂಚು ಗರಗಸವಾ ನುಣುಪಾ ಅಂತ ತೀರ್ಮಾನ ಆಗದೆ ಪೆನ್ಸಿಲ್ ಮುಂದೆ ಹೋಗುವುದಿಲ್ಲ. ನಿನ್ನ ಫೋನಿನಲ್ಲಿ ಈಗ ಎಷ್ಟು ಹೂವಿನ ಫೋಟೋ ಉಂಟು? ಅದರಲ್ಲಿ ಒಂದರ ಎಲೆ ಹೇಗಿತ್ತು ಹೇಳು ನೋಡುವ.

ಒಬ್ಬರು ಮಾಷ್ಟ್ರು: "ಪೋರ್ಷನ್ ಮುಗಿಸುವುದೇ ಕಷ್ಟ. ಇದಕ್ಕೆಲ್ಲ ಎಲ್ಲಿ ಪುರುಸೊತ್ತು?"

ಮಾಷ್ಟ್ರು ಹೇಳುವುದು ಸರಿ. ಹೊಸ ಪೀರಿಯಡ್ ಯಾರೂ ಕೊಡುವುದಿಲ್ಲ. ನಾನಾಗಿದ್ದರೆ ದಾಸವಾಳದ ಪಾಠಕ್ಕೆ ಇರುವ ಪೀರಿಯಡಿನಲ್ಲೇ ಪುಸ್ತಕ ಮುಚ್ಚಿಸಿ ಹೂ ಕೊಡುತ್ತಿದ್ದೆ. ರೆಕಾರ್ಡಿನ ಚಿತ್ರ ಅದರ ಪಾಡಿಗೆ ಇರಲಿ, ಅದಕ್ಕೆ ಅಂಕ ಉಂಟು. ಇದಕ್ಕೆ ಅಂಕ ಕೊಡಬೇಡಿ. ಕೊಟ್ಟರೆ ಮರುದಿನದಿಂದ ಇದನ್ನೂ ಅಣ್ಣನ ಪುಸ್ತಕ ನೋಡಿ ಬಿಡಿಸುತ್ತಾರೆ.

ಒಬ್ಬರು ಅಮ್ಮ: "ಗಿಡದ ಹೆಸರೇ ಗೊತ್ತಿಲ್ಲದಿದ್ದರೆ?"

ಹೆಸರು ಗೊತ್ತಿಲ್ಲದಿದ್ದರೇ ಒಳ್ಳೆಯದು. ಹೆಸರು ಸಿಕ್ಕಿದ ಕೂಡಲೇ ನಾವು ನೋಡುವುದನ್ನು ನಿಲ್ಲಿಸುತ್ತೇವೆ. ಬಿಡಿಸಿ ಇಡಿ, ಆಮೇಲೆ ಮನೆಯ ಅಜ್ಜಿಯನ್ನು ಕೇಳಿ, ಕೆಲಸಕ್ಕೆ ಬರುವವರನ್ನು ಕೇಳಿ, ಪಕ್ಕದ ಮನೆಯ ಬ್ಯಾರಿ ಅಕ್ಕನನ್ನು ಕೇಳಿ. ತುಳುವಿನಲ್ಲಿ ಒಂದು, ಮಲಯಾಳದಲ್ಲಿ ಒಂದು, ಹವ್ಯಕರಲ್ಲಿ ಒಂದು, ಕೊಂಕಣಿಯಲ್ಲಿ ಒಂದು ಹೆಸರು ಸಿಗುತ್ತದೆ. ಎಲ್ಲ ಬರೆಯಿರಿ. ಯಾರು ಹೇಳಿದರು ಅಂತಲೂ ಬರೆಯಿರಿ.

ಹಿಂದಿನ ಬೆಂಚಿನಿಂದ: "ಮಳೆಗೆ ಪುಸ್ತಕ ಒದ್ದೆ ಆಗುವುದಿಲ್ವಾ?"

ಆಗುತ್ತದೆ. ಬಾಲ್ ಪೆನ್ನು ಒದ್ದೆ ಕಾಗದದ ಮೇಲೆ ಓಡುವುದಿಲ್ಲ, ಶಾಯಿ ಪೆನ್ನು ಹರಡುತ್ತದೆ. ಪೆನ್ಸಿಲ್ ಸ್ವಲ್ಪ ಪಸೆ ಇದ್ದರೂ ಬರೆಯುತ್ತದೆ, ನೀರು ಬಿದ್ದರೆ ಅಳಿಸುವುದಿಲ್ಲ. ಅಡಿಗೆ ಇಡಲು ಅಡಿಕೆ ಹಾಳೆಯನ್ನು ಪುಸ್ತಕದ ಅಳತೆಗೆ ಕತ್ತರಿಸಿ ಒಣಗಿಸಿಕೊಳ್ಳಿ, ರಟ್ಟಿಗಿಂತ ಬಾಳಿಕೆ. ಮೇಲೆ ಒಂದು ಪ್ಲಾಸ್ಟಿಕ್ ಚೀಲ. ಸೋಣದ ಮೊದಲ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಇಲ್ಲೇ ವಾಚನಾಲಯದ ಎದುರು ಸೇರುವುದು, ಅಲ್ಲಿಂದ ನಡೆದು ಆ ಪದವಿನ ಕಡೆಗೆ. ಜಾರುವ ಕಲ್ಲು, ಚಪ್ಪಲಿ ನೋಡಿ ಹಾಕಿ ಬನ್ನಿ. ಚಿಕ್ಕ ಮಕ್ಕಳ ಜೊತೆ ದೊಡ್ಡವರೊಬ್ಬರು ಬೇಕೇ ಬೇಕು. ಚಹಾ, ಅವಲಕ್ಕಿ ನಮ್ಮ ಮನೆಯಿಂದ. ರಬ್ಬರ್ ತಂದರೆ ನಾನು ತೆಗೆದಿಡುತ್ತೇನೆ.